ಹಾಲು ಇಲ್ಲ ಎಂದವರೂ ಬೇಕಾದಷ್ಟಿದೆ ಎಂದವಳೂ

ಜೇನುಹುಳುವನ್ನೇ ಪಳಗಿಸಿದವನಿಗೆ ಬಾಣಂತಿಯರು ಯಾವ ಲೆಕ್ಕ! ಹೀಗೆ ಅಂದುಕೊಂಡೇ ನಾನು ಆ ಕೆಲಸ ಒಪ್ಪಿಕೊಂಡೆ.

ಶಿರಸಿಯ ಒಂದು ಸಂಸ್ಥೆಯಲ್ಲಿ ಬಹಳ ವರ್ಷ ಜೇನು ಸಾಕಣೆಯ ತರಬೇತಿ ನಡೆಸಿದವನು ನಾನು. ಕಳೆದ ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಸೇರಿ 'ತಾಯಿ-ಮಗು ಪೋಷಣೆ ಹಾಗೂ ಎದೆಹಾಲು ಬೆಂಬಲ ಕಾರ್ಯಕ್ರಮ' ನಮ್ಮ ಪಾಲಿಗೆ ಬಂತು. ಸಂಯೋಜಕರಾಗಲು ಯಾರೂ ಮುಂದೆ ಬರಲಿಲ್ಲ. ನಾನು ಬಂದೆ.

"ನಿಂಗಕ್ಕೆ ಎಂತ ಗೊತ್ತಿದ್ದು ಅದ್ರಲ್ಲಿ?" ಎಂದು ಹೆಂಡತಿ ಭಾರತಿ ಕೇಳಿದಳು.

"ಗೊತ್ತಿರದು ಎಂತಕ್ಕೆ? ಸಂಶಯ ಮಾಡಲೆ ಬಂದ್ರೆ ಸಾಕು!"

ಇದು ಬಡಾಯಿಯಲ್ಲ. ಸಂಶಯ ನನಗೆ ಹುಟ್ಟಿನಿಂದ ಬಂದ ವಿದ್ಯೆ. ಹಾಲಿನವನ ಹಾಲಿಗೆ ಬೆರಳದ್ದಿ ನೋಡದೆ ನಾನು ಚಹಾ ಕುಡಿದವನಲ್ಲ. ದೇವಸ್ಥಾನಕ್ಕೆ ಹೋದರೆ ಎಡಗಾಲಿನ ಚಪ್ಪಲಿಯನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಡುತ್ತೇನೆ. ಕಳ್ಳನಿಗೂ ಸ್ವಲ್ಪ ಕಷ್ಟವಾಗಲಿ!

ಮೊದಲು ನಮಗೆಲ್ಲ ತರಬೇತಿ ಆಯಿತು. ನಮ್ಮ ನರ್ಸ್ ಶೈಲಾ ಅವರು ಚೆನ್ನಾಗಿಯೇ ಹೇಳುತ್ತಿದ್ದರು. ಮಗುವಿನ ಒದ್ದೆ ಬಟ್ಟೆಯ ವಿಷಯ ಶುರುವಾದಾಗ ಮಾತ್ರ ನಾನು ಚಹಾಕ್ಕೆಂದು ಎದ್ದೆ. ಸಂಯೋಜಕನ ಘನತೆಗೆ ಅದು ತಕ್ಕುದಲ್ಲ ಅನಿಸಿತು. "ಬಾಯಿಮಾತು ನಂಬಬೇಡಿ, ಮಗು ಬಟ್ಟೆ ಒದ್ದೆ ಮಾಡ್ತಾ ಇದೆಯಾ ನೋಡಿ" ಎಂಬ ಮಾತು ಬಾಗಿಲು ದಾಟುವಾಗ ಕಿವಿಗೆ ಬಿತ್ತು. ಚಹಾ ಬಿಸಿಯಿತ್ತು. ಮಾತು ಮರೆತೆ.

ಯೋಜನೆ ಸರಳವಾಗಿತ್ತು. ನಾನು ಮೊದಲು ಮನೆ ಮನೆಗೆ ಹೋಗಿ ಪರಿಸ್ಥಿತಿ ಅರಿಯುವುದು, ಬೇಕಾದಲ್ಲಿಗೆ ಶೈಲಾ ಅವರನ್ನು ಕಳಿಸುವುದು. ಬಾಣಂತಿ ಕೋಣೆಯ ಹತ್ತಿರ ಗಂಡಸನ್ನು ಯಾರು ಬಿಡುತ್ತಾರೆ? ಜಗಲಿಯಲ್ಲಿ ಕೂತು ಅಜ್ಜಿಯಂದಿರನ್ನೇ ಕೇಳಿದೆ.

"ಮಗುವಿಗೆ ತಾಯಿಹಾಲು ಸಾಕಾಗುತ್ತಿದೆಯೇ?"

"ಎಂತ ಹಾಲು ತಮ್ಮಾ! ಹೆಸರಿಗೂ ಇಲ್ಲೆ," ಎಂದರು ಸಿದ್ದಾಪುರದಲ್ಲಿ.

"ಹಾಲು ಬಂದ್ರೆ ಚಂದಗುಳಿ ಗಣಪತಿಗೆ ಗಂಟೆ ಕಟ್ತ್ಯ ಹೇಳಿ ಹರಕೆ ಹೇಳ್ಕಂಡಿದ್ಯ," ಎಂದರು ಯಲ್ಲಾಪುರದಲ್ಲಿ.

ಹೋದಲ್ಲೆಲ್ಲ ಇದೇ ಉತ್ತರ. ಇಡೀ ಸೀಮೆಯಲ್ಲಿ ಹಾಲಿನ ಬರ! ಆದರೆ ಒಳಗಿನಿಂದ ಬರುತ್ತಿದ್ದ ಅಳು ಗಟ್ಟಿಯಾಗಿತ್ತು. ಬಾಗಿಲ ಸಂದಿಯಲ್ಲಿ ಕಂಡ ಶಿಶುಗಳ ಕೆನ್ನೆಗಳು ಗುಂಡಗಿದ್ದವು. ತಾಯಿಗೆ ಹಾಲಿಲ್ಲ, ಮಗು ಮಾತ್ರ ಕಡುಬಿನಂತಿದೆ. ಹೇಗೆ ಸಾಧ್ಯ? ನನ್ನೊಳಗಿನ ಪತ್ತೇದಾರ ಎದ್ದು ಕುಳಿತ. ಡಬ್ಬಿಪುಡಿ! ಯಾರೋ ಗುಟ್ಟಾಗಿ ಡಬ್ಬಿಹಾಲಿನ ಪುಡಿ ಹಂಚುತ್ತಿದ್ದಾರೆ!

ಅನುಮಾನ ನೇರವಾಗಿ ಶಿರಸಿ ಪೇಟೆಯ ಒಂದು ಔಷಧಿ ಅಂಗಡಿಯ ಮೇಲೆ ಹೋಯಿತು. ಕಾರಣವೇನೂ ಇರಲಿಲ್ಲ. ಅದರ ಎದುರಿಗೆ ಕೂರಲು ಅನುಕೂಲವಾದ ಚಹಾ ಅಂಗಡಿ ಇತ್ತು, ಅಷ್ಟೇ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ದಿನಗಟ್ಟಲೆ ಕಾದೆ. ಕೊನೆಗೊಮ್ಮೆ ಅಜ್ಜಿಯೊಬ್ಬರು ಅಂಗಡಿಯಿಂದ ಹೊರಬಂದರು. ಕೈಚೀಲದಿಂದ ಹಾಲಿನ ಪುಡಿಯ ಡಬ್ಬಿ ಇಣುಕುತ್ತಿತ್ತು! ನಾನು ಹಾರಿ ಅಡ್ಡ ನಿಂತೆ.

"ಅಮ್ಮಾ, ಆ ಡಬ್ಬಿಯಲ್ಲಿ ಏನಿದೆ?"

"ನಿಂಗೆ ಎಂತಕ್ಕೆ?"

"ನಾನು ಸಂಯೋಜಕ."

"ಹಂಗಂದ್ರೆ ಎಂತು? ಪೋಲೀಸನ?"

ಜನ ಸೇರಿದರು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದರು. ತುಪ್ಪ, ಬೆಲ್ಲ, ಮೆಂತೆಯ ಪರಿಮಳ ಪೇಟೆಗೆಲ್ಲ ಹಬ್ಬಿತು. ಮಗಳ ಬಾಣಂತನಕ್ಕೆಂದು ಮಾಡಿ ಒಯ್ಯುತ್ತಿದ್ದ ಲೇಹ್ಯ! ಡಬ್ಬಿ ಗಟ್ಟಿಯಾಗಿದೆ ಎಂದು ಯಾವ ಕಾಲದಿಂದಲೋ ಇಟ್ಟುಕೊಂಡಿದ್ದರಂತೆ. ಅಂಗಡಿಗೆ ಬಂದದ್ದು ತಮ್ಮ ಮಂಡಿನೋವಿನ ಎಣ್ಣೆಗೆ. ನನ್ನ ಮುಖ ನೋಡಿ ಅವರಿಗೆ ಮರುಕ ಬಂತು. "ತಗ, ತಿನ್ನು. ಮೈ ಬಡಕಲಾಜು," ಎಂದು ಒಂದು ಉಂಡೆ ಲೇಹ್ಯ ನನ್ನ ಕೈಗೆ ಹಾಕಿಯೇ ಬಿಟ್ಟರು. ಅಷ್ಟು ಜನರೆದುರು ಬೇಡ ಎನ್ನುವುದು ಹೇಗೆ? ತಿಂದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಪೇಟೆಲಿ ನಿಂತ್ಕಂಡು ಬಾಣಂತಿ ಲೇಹ್ಯ ತಿಂದ್ರಡ?" ಎಂದಳು ಭಾರತಿ. ನಾನು ತನಿಖೆಯ ಗೌಪ್ಯತೆ ಕಾಪಾಡಿದೆ.

ಈ ಹಾಲಿಲ್ಲದ ಸೀಮೆಯಲ್ಲಿ ನನಗೆ ಸಿಕ್ಕಿದ ಒಬ್ಬಳೇ ಒಬ್ಬ ಸತ್ಯವಂತೆ ಎಂದರೆ ರೂಪಾ. ಬನವಾಸಿ ಕಡೆಯ ಹಳ್ಳಿಯವಳು. ತವರಿನಲ್ಲಿ ನೋಡಿಕೊಳ್ಳುವವರಿಲ್ಲದೆ ಗಂಡನ ಮನೆಯಲ್ಲೇ ಬಾಣಂತನ. ಅತ್ತೆ ಶಾಂತವ್ವ, "ಬರ್ರಿ, ಬರ್ರಿ, ಕುಂಡರ್ರಿ," ಎಂದು ಚಾಪೆ ಹಾಸಿ, ಸೊಸೆಯನ್ನು ಬಾಗಿಲ ಬಳಿಗೆ ಕರೆದು ತಾವು ಪಕ್ಕದಲ್ಲೇ ನಿಂತರು. ನಾನು ಪ್ರಶ್ನೆ ಕೇಳಿದೆ. ರೂಪಾ ಒಮ್ಮೆ ಅತ್ತೆಯ ಕಡೆ ನೋಡಿದಳು.

"ಬೇಕಾದಷ್ಟ್ ಐತ್ರಿ ಸರ್. ಏನೂ ತೊಂದ್ರಿ ಇಲ್ರಿ."

"ನಮ್ಮ ಮನಿತನದಾಗ ಹಾಲಿಗೆ ಕಡಿಮಿ ಅನ್ನೂದ ಇಲ್ರಿ," ಎಂದರು ಶಾಂತವ್ವ. "ಕೂಸು ಅಳೂದ ಇಲ್ಲ ನೋಡ್ರಿ. ಯಾವಾಗಿದ್ರೂ ನಿದ್ದಿ."

ಬಟ್ಟೆಯ ಗಂಟಿನೊಳಗೆ ಮಗು ತಣ್ಣಗೆ ಮಲಗಿತ್ತು. ಆಹಾ, ಎಂಥ ಶಾಂತ ಮಗು! ಎಂಥ ಆದರ್ಶ ತಾಯಿ! ಆ ಮನೆಗೆ ನರ್ಸ್ ಹೋಗುವ ಅಗತ್ಯವಿಲ್ಲವೆಂದು ಶೈಲಾ ಅವರಿಗೆ ತಿಳಿಸಿದೆ. ಮುಂದಿನ ವಾರ ಅದೇ ಊರಿನ ಸಮುದಾಯ ಭವನದಲ್ಲಿ ತಾಯಂದಿರ ಸಭೆ ಕರೆದು, ರೂಪಾಳಿಗೆ ಸನ್ಮಾನ ಎಂದು ಘೋಷಿಸಿದೆ. ಹಾಲಿನ ಪುಡಿಯ ಜಾಲವನ್ನೂ ಅಂದೇ ಬಯಲು ಮಾಡುವ ಭಾಷಣ ಸಿದ್ಧವಾಯಿತು.

ಸಭೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟಿದ್ದೆ. ನಮ್ಮ ಮಗಳ ಬಾಣಂತನವೂ ಆಗ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ಊರ ಬಾಣಂತಿಯರ ಗಡಿಬಿಡಿಯಲ್ಲಿ ಮನೆಯ ಬಾಣಂತಿಯನ್ನು ಕೇಳಲು ಪುರುಸೊತ್ತಾಗಿರಲಿಲ್ಲ. ಭಾರತಿ ತನ್ನ ಅಕ್ಕನೊಡನೆ ಫೋನಿನಲ್ಲಿ ಹೇಳುತ್ತಿದ್ದಳು: "ಎಂತ ಹೇಳದು ಅಕ್ಕಾ, ಕೂಸಿಗೆ ಹಾಲೇ ಸಾಕಾಗ್ತಿಲ್ಲೆ."

ನನ್ನ ಮನೆಯಲ್ಲೇ! ಓಡಿಹೋಗಿ ಮೊಮ್ಮಗಳನ್ನು ಎತ್ತಿಕೊಂಡೆ. ಅವಳು ಹೊಟ್ಟೆಗೆ ಹೆಚ್ಚಾದ ಹಾಲನ್ನೆಲ್ಲ ನನ್ನ ಇಸ್ತ್ರಿ ಅಂಗಿಯ ಮೇಲೆ ಕಕ್ಕಿದಳು.

"ಭಾರತೀ, ಹಾಲು ಇಲ್ಲೆ ಹೇಳಿದ್ಯಲೇ! ಇದೆಂತು?"

"ಅಕ್ಕನ ಹತ್ರ ರಾಶಿ ಇದ್ದು ಹೇಳಿ ಹೇಳಲಾಗ್ತ? ದೃಷ್ಟಿ ತಾಗಿ ಬತ್ತಿ ಹೋದ್ರೆ ನಿಂಗ ತಂದು ಕೊಡ್ತ್ರ?"

"ಹಂಗಾರೆ ಇಲ್ಲೆ ಹೇಳಿದ್ರೆ ಇದ್ದು ಹೇಳಿ ಅರ್ಥವ?"

"ಪೆಟ್ಟಿಗೆ ತುಂಬಿದ್ರೂವ, ಈ ವರ್ಷ ಜೇನು ಹೆಂಗಾತು ಹೇಳಿ ಯಾರಾದ್ರೂ ಕೇಳಿದ್ರೆ ನಿಂಗ ಎಂತ ಹೇಳ್ತ್ರಿ?"

"ಎಂತದೂ ಇಲ್ಲೆ ಹೇಳಿ."

"ಅಷ್ಟೇಯ!"

ನನ್ನ ಹಾಲಿನ ಪುಡಿಯ ಜಾಲ ಅಲ್ಲೇ ಕುಸಿದು ಬಿತ್ತು. ಎಲ್ಲರಿಗೂ ಹಾಲಿದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ! ಒಂದು ಲೆಕ್ಕದಲ್ಲಿ ಸಂತೋಷವೇ ಆಯಿತು. "ಇದ್ದು ಹೇಳಿ ಹೇಳಿದ್ದು ಒಬ್ಬಳೇಯ. ಅದಕ್ಕೇ ಇವತ್ತು ಸನ್ಮಾನ," ಎಂದೆ. ಭಾರತಿ ನನ್ನನ್ನು ಒಂದು ಥರ ನೋಡಿದಳು. "ಆನೂ ಬತ್ತೆ," ಎಂದು ಸೀರೆ ಬದಲಿಸಲು ಒಳಗೆ ಹೋದಳು.

ಭವನ ತುಂಬಿತ್ತು. ಶಾಂತವ್ವ ಹೊಸ ಸೀರೆಯುಟ್ಟು ಮೊದಲ ಸಾಲಿನಲ್ಲೇ ಕೂತಿದ್ದರು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡೇ ವೇದಿಕೆಗೆ ಬಂದ ರೂಪಾಳಿಗೆ ಹಾರ ಹಾಕಿ ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ನಾನು ಮೈಕು ಅವಳ ಮುಂದೆ ಹಿಡಿದೆ. "ನಿಮ್ಮ ಯಶಸ್ಸಿನ ಗುಟ್ಟೇನು? ಎಲ್ಲ ತಾಯಂದಿರಿಗೂ ತಿಳಿಸಿ."

ರೂಪಾ ಬುಟ್ಟಿಯನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು: "ನನಗ ಹಾಲು ಸಾಲವಲ್ದ್ರಿ ಸರ್."

ಸಭೆ ಚಪ್ಪಾಳೆ ತಟ್ಟಿತು! "ಈಗ ಶಾಣ್ಯಾಕಿ ಆದಿ ನೋಡು!" ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದರು. ಬೆಳಿಗ್ಗೆಯಷ್ಟೇ ಜ್ಞಾನೋದಯವಾದ ನಾನು ಬಿಡುತ್ತೇನೆಯೇ? "ನೋಡಿದಿರಾ! ದೃಷ್ಟಿ ತಾಗಬಾರದೆಂದು ಎಷ್ಟು ಜಾಣತನದಿಂದ ಹೇಳಿದರು!" ಎಂದು ಮೈಕಿನಲ್ಲಿ ವ್ಯಾಖ್ಯಾನ ಮಾಡಿದೆ. ಮತ್ತೆ ಚಪ್ಪಾಳೆ.

"ಖರೇನ ಹೇಳಾಕತ್ತೀನ್ರಿ!" ರೂಪಾ ಜೋರಾಗಿ ಅತ್ತುಬಿಟ್ಟಳು.

ಯಾರೂ ಕರೆಯದೆಯೇ ಭಾರತಿ ವೇದಿಕೆ ಹತ್ತಿ ಬಂದಳು. ಮಗುವನ್ನು ತೆಗೆದುಕೊಂಡು, ಸುತ್ತಿದ್ದ ಬಟ್ಟೆಯನ್ನು ಒಂದೊಂದಾಗಿ ಬಿಚ್ಚಿ, ನನ್ನ ಕೈಗಿಟ್ಟಳು. ಇಷ್ಟು ಹೊತ್ತು ಕಂಡದ್ದು ಬರೀ ಬಟ್ಟೆ. ಒಳಗಿನ ಮಗು ಹಕ್ಕಿಯಷ್ಟೇ ಹಗುರ. "ಬಟ್ಟೆ ಒಣಗೇ ಇದ್ದು ನೋಡಿ," ಎಂದಳು ಭಾರತಿ. "ನಿನ್ನೆಯಿಂದ ಹಂಗ ಐತ್ರಿ," ಎಂದಳು ರೂಪಾ. ತರಬೇತಿಯ ದಿನ ಬಾಗಿಲಲ್ಲಿ ಕೇಳಿ ಮರೆತ ಮಾತು ಆಗ ನೆನಪಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೈಕು ಬಿಟ್ಟು ಶೈಲಾ ಅವರನ್ನು ಕೂಗಿ ಕರೆದೆ.

ಶೈಲಾ ತಾಯಿಮಗುವನ್ನು ಕೂಡಲೇ ನಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಶಾಂತವ್ವ ಆಸ್ಪತ್ರೆಯ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತರು. "ಬಾಣಂತಿಗೆ ನೀರು ಕಡಿಮಿ, ಊಟ ಕಡಿಮಿ ಅಂತ ನಮ್ಮತ್ತಿ ನನಗ ಮಾಡಿದ್ದನ್ನ ನಾನೂ ಮಾಡಿದ್ನಿರಿ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ಅಲ್ರಿ ಸರ್, ನನ್ನ ಮುಂದ ನಿಲ್ಲಿಸಿ ಕೇಳಿದ್ರ ಆಕಿ ಹೆಂಗ ಹೇಳ್ಯಾಳ್ರಿ?" ಎಂದರು. ಎಲ್ಲರನ್ನೂ ಎಲ್ಲವನ್ನೂ ಸಂಶಯಿಸಿದವನು ಸಂಶಯ ಪಡಬೇಕಾದ ಒಂದೇ ಒಂದು ಮಾತನ್ನು ನಂಬಿದ್ದೆ! ಸಮಯಕ್ಕೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ಮುಂದೆ ಶೈಲಾ ಆ ಮನೆಯಲ್ಲಿ ದಿನವೂ ಕೂತು, ಮಗುವನ್ನು ಎದೆಗೆ ಹಿಡಿಯುವ ಕ್ರಮ ತೋರಿಸಿದರು. ಶಾಂತವ್ವನೇ ಒತ್ತಾಯ ಮಾಡಿ ಸೊಸೆಗೆ ರೊಟ್ಟಿ, ಪಲ್ಯ, ಸಾರು ಬಡಿಸತೊಡಗಿದರು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಆ ಮನೆಗೆ ಹೋದೆ. ಶಾಂತವ್ವ ಬಾಗಿಲಲ್ಲೇ ಸಿಕ್ಕಿದರು.

"ಈಗ ಹಾಲು ಹೇಗೆ?"

"ಎಲ್ಲೀ ಹಾಲ್ರಿ! ಹನಿ ಇಲ್ಲ!"

ನಂಬಬೇಕೋ ಬೇಡವೋ? ನಾನು ಹೊಸ್ತಿಲಲ್ಲೇ ಹಿಂದೆಮುಂದೆ ನೋಡುತ್ತ ನಿಂತೆ. ರೂಪಾ ನಗುತ್ತ ಬಂದು ಚಾಪೆ ಹಾಸಿ, ನಾನು ಕೂತೊಡನೆ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಗುಂಡು ಕೆನ್ನೆ, ಒಳ್ಳೇ ಭಾರ. ಮಗು ನನ್ನನ್ನು ಗಂಭೀರವಾಗಿ ನೋಡಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಹೊಸ ಪ್ಯಾಂಟು ಬೆಚ್ಚಗಾಯಿತು. ಮೊಣಕಾಲಿನವರೆಗೂ!

"ಇನ್ನೊಮ್ಮೆ ಕೇಳ್ತೀರೇನ್ರಿ ಸರ್?" ಎಂದರು ಶಾಂತವ್ವ.

ಬೇಡವೆಂದೆ. ಶಿರಸಿಯವರೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಹತ್ತಿದವರೆಲ್ಲ ನನ್ನ ಪ್ಯಾಂಟನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಹಿಂದೆ ಹೋಗಿ ನಿಂತರು. ಅವರಿಗೆ ನನ್ನ ಮೇಲೆ ಏನು ಸಂಶಯವೋ, ಕೇಳುವ ಧೈರ್ಯ ನನಗಾಗಲಿಲ್ಲ.