ಕಲೆಯಿದ್ದ ಹೂವೆಲ್ಲ ರಿಜೆಕ್ಟ್!

"ನಿನ್ನ ಗಿಡಗಳಿಗೆ ಒಂದು ಕಲೆ ತಾಗೋಕೂ ಬಿಡಲ್ಲ! ನಿಶ್ಚಿಂತೆಯಾಗಿ ಹೋಗಿ ಬಾ!"

ಬಸ್ಸಿನ ಕಿಟಕಿಗೆ ಮುಖವಿಟ್ಟು ಹೀಗೆ ಘೋಷಿಸಿದವರು ಬಟ್ಟೆ ಗಿರಣಿಯ ತಪಾಸಣೆ ಮೇಸ್ತ್ರಿಗಳು. ಇಪ್ಪತ್ತೆಂಟು ವರ್ಷಗಳಿಂದ ಅವರ ಕೆಲಸ ಒಂದೇ: ಮೇಜಿನ ಮೇಲೆ ಹಾಯುವ ಬಟ್ಟೆಯಲ್ಲಿ ಕಲೆ ಹುಡುಕುವುದು, ಕಂಡರೆ ರಿಜೆಕ್ಟ್ ಮಾಡುವುದು. ಸಾಸಿವೆಯಷ್ಟು ಎಣ್ಣೆಕಲೆಯೂ ಆ ಮಹಾನುಭಾವರ ಕಣ್ಣು ತಪ್ಪಿಸಿಕೊಂಡದ್ದಿಲ್ಲ!

ಹೆಂಡತಿ ಅಕ್ಕನ ಮನೆಗೆ ಹೊರಟಿದ್ದರು. ಚಳಿಗಾಲದಲ್ಲಿ ಮೈತುಂಬ ಅರಳುವ ವಯೋಲಾ ಗಿಡಗಳನ್ನು ಆಕೆ ಇದೇ ಮೊದಲ ಸಲ ಬೀಜ ಹಾಕಿ ಬೆಳೆಸಿದ್ದರು. ಹನ್ನೆರಡು ಕುಂಡಗಳ ತುಂಬ ಮೊಗ್ಗು. "ನಿನ್ನ ಕೈಲಿ ಹುಲ್ಲೂ ಬೆಳೆಯಲ್ಲ ಬಿಡೇ" ಎಂದು ಹಂಗಿಸುತ್ತಿದ್ದ ಅಕ್ಕನನ್ನೇ ಭಾನುವಾರ ಕರೆತಂದು ತೋರಿಸುವ ಹಟ. ಹೆಂಡತಿಯ ಮಾನ ಕುಂಡಗಳಲ್ಲಿತ್ತು, ಕುಂಡಗಳು ಮೇಸ್ತ್ರಿಗಳ ಕೈಯಲ್ಲಿದ್ದವು.

ಶುಕ್ರವಾರ ಹೂ ಬಿರಿದವು. ಹಳದಿ, ನೇರಳೆ, ಬಿಳಿ! ಮೇಸ್ತ್ರಿಗಳು ಹಿಗ್ಗಿ ಬಗ್ಗಿ ನೋಡಿದರು. ಪ್ರತಿ ಹೂವಿನ ನಟ್ಟನಡುವೆ ಮಸಿ ಚೆಲ್ಲಿದಂಥ ಕಪ್ಪು ಕಲೆ! ಕೂಡಲೇ ಹೆಂಡತಿಗೆ ಫೋನ್ ಮಾಡಿದರು.

"ಅಕಸ್ಮಾತ್ ಹೂ ಕೆಟ್ಟರೆ ಏನ್ಮಾಡ್ಬೇಕೇ?"

"ಚಿವುಟಿ ಹಾಕಿ. ಬಿಟ್ರೆ ಗಿಡ ಹೂ ಬಿಡೋದನ್ನೇ ನಿಲ್ಸುತ್ತೆ. ಯಾಕ್ರೀ, ತುಂಬಾ ಕೆಟ್ಟಿದ್ಯಾ?"

"ಛೆ ಛೆ! ಒಂದೋ ಎರಡೋ!"

ಒಂದೋ ಎರಡೋ ಅಲ್ಲ, ನಲವತ್ತಿದ್ದವು. ನಲವತ್ತನ್ನೂ ಚಿವುಟಿದರು. ಶನಿವಾರ ಐವತ್ತು ಅರಳಿದವು, ಎಲ್ಲಕ್ಕೂ ಅದೇ ಕಲೆ! ಅವನ್ನೂ ಚಿವುಟತೊಡಗಿದರು. ಭಾನುವಾರ ಬೆಳಿಗ್ಗೆ ಕಡೆಯ ಹೂವನ್ನು ಚಿವುಟಿ ಬುಟ್ಟಿಗೆ ಹಾಕುವುದಕ್ಕೂ ಗೇಟು ಕಿರುಗುಟ್ಟುವುದಕ್ಕೂ ಸರಿಹೋಯಿತು.

"ಎಲ್ಲೇ ನಿನ್ನ ಹೂದೋಟ?" ಎಂದರು ಅಕ್ಕ, ಹಸಿರು ಬೋಳು ಕುಂಡಗಳನ್ನು ನೋಡಿ.

ಹೆಂಡತಿ ಬುಟ್ಟಿ ನೋಡಿದರು, ಗಂಡನ ಮುಖ ನೋಡಿದರು.

"ರೋಗ ಕಣೇ!" ಮೇಸ್ತ್ರಿಗಳು ಪಿಸುಗುಟ್ಟಿದರು. "ಒಂದೊಂದು ಪೀಸಿಗೂ ನಡುವೆ ಕಲೆ! ಕಷ್ಟಪಟ್ಟು ಗಿಡ ಉಳಿಸಿದೀನಿ!"

"ಅದು ಕಲೆ ಅಲ್ಲ ರೀ, ಆ ಹೂ ಇರೋದೇ ಹಾಗೆ!"

ಮೇಸ್ತ್ರಿಗಳು ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಹೆಂಡತಿ ಮಾತ್ರ ಅಕ್ಕನತ್ತ ತಿರುಗಿ ನಕ್ಕರು. "ಮೊದಲನೇ ಹೂಗಳನ್ನ ಚಿವುಟಿದ್ರೆ ಗಿಡ ಪೊದೆ ಆಗುತ್ತಕ್ಕಾ. ನಾನೇ ಇವರಿಗೆ ಹೇಳಿದ್ದೆ. ಹದಿನೈದು ದಿನ ಬಿಟ್ಟು ನೋಡು, ಹೂವಿನ ಮಧ್ಯೆ ಎಲೆನೇ ಕಾಣಲ್ಲ!"

"ಪರವಾಗಿಲ್ವೇ, ಕಲ್ತಿದೀಯ" ಎಂದು ಅಕ್ಕ ಕೈಕಾಲು ತೊಳೆಯಲು ಒಳಗೆ ಹೋದರು. ಹೋದ ಜೀವ ಬಂದಂತಾಗಿ ಮೇಸ್ತ್ರಿಗಳು ಕಂಬಕ್ಕೊರಗಿದರು. ಹೆಂಡತಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದುರಿಗೆ ಬಂದು ನಿಂತರು.

"ಅಲ್ಲಾ ರೀ, ಕಪ್ಪು ಕಂಡಿದ್ದನ್ನೆಲ್ಲ ರಿಜೆಕ್ಟ್ ಮಾಡೋರು, ನನ್ನ ಗಲ್ಲದ ಮೇಲೆ ಇಷ್ಟು ದೊಡ್ಡ ಮಚ್ಚೆ ಇದ್ರೂ ಹೆಣ್ಣು ನೋಡೋಕೆ ಬಂದಾಗ ನನ್ನನ್ನ ಹೇಗೆ ಪಾಸ್ ಮಾಡಿದ್ರಿ?"

ಮೇಸ್ತ್ರಿಗಳು ತಲೆ ತಗ್ಗಿಸಿ, ಒಳಗಿನ ಅಕ್ಕನಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು:

"ಅವತ್ತು ತಪಾಸಣೆ ಮಾಡ್ತಿದ್ದಿದ್ದು ನೀನಲ್ವೇನೇ!"