ಮೂರ್ತಿಯ ತಲೆ ಮೇಲಿನ ದಾಸವಾಳ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ ಇದು. ಮೊದಲು ಆಣೆ ಮಾಡಿ, ಯಾರ ಕಿವಿಗೂ ಹಾಕಲ್ಲ ಅಂತ. ಆಯ್ತಾ? ನಾನು ಓದಿದವಳಲ್ಲ, ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು. ಆದ್ರೆ ಕಣ್ಣು ಎರಡೂ ನೆಟ್ಟಗಿವೆ. ಮಲೇಶಿಯಾದ ಈ ನಿಲಾಯ್ ಊರಿಗೆ, ಮಗನ ಮನೆಗೆ ಬಂದು ಆರು ವರ್ಷ ಆಯ್ತು, ನಮ್ಮ ಕಟ್ಟಡದಲ್ಲಿ ಏನಾದ್ರೊಂದು ಆಗದ ವಾರ ಇಲ್ಲ. ಇಲ್ಲಿ ಲಿಫ್ಟು ಕೆಟ್ರೂ ಎರಡು ಸಂಸಾರದ ಗುಟ್ಟು ಹೊರಗೆ ಬರುತ್ತೆ. ಆದ್ರೆ ಆ ಮರದ ಮೂರ್ತಿ ಬಂದಾಗ ಆದದ್ದಿದೆಯಲ್ಲ, ಅದರ ಮುಂದೆ ಮಿಕ್ಕಿದ್ದೆಲ್ಲ ಸಪ್ಪೆ.

೧. ಯಾರನ್ನು ನೋಡಲು ಬಂದಿದ್ದೀರಿ?

ಇದನ್ನೆಲ್ಲ ತಲೆಗೆ ಹಚ್ಚಿಕೊಂಡವಳು ನನ್ನ ಸೊಸೆ. ನಿವಾಸಿಗಳ ಕಮಿಟಿಗೆ ಅವಳೇ ಕಾರ್ಯದರ್ಶಿ. ಗೇಟಿನ ಹತ್ತಿರ ಒಂದು ಕೆತ್ತನೆ ನಿಲ್ಲಿಸಬೇಕು, ಅದನ್ನ ಒರಾಂಗ್ ಅಸ್ಲಿಗಳು, ಅಂದ್ರೆ ಈ ನೆಲದ ಮೂಲ ಜನ ಇದ್ದಾರಲ್ಲ, ಅವರ ಕೈಯಲ್ಲೇ ಮಾಡಿಸಬೇಕು ಅಂತ ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದ್ಲು. ಕೆತ್ತೋರು ಬಂದ್ರು. ಐವತ್ತರ ಆಸುಪಾಸಿನ ಗಂಡಸು, ಮಾತು ಬಲು ಕಡಿಮೆ.

ಕಮಿಟಿ ಅಧ್ಯಕ್ಷರು ಚೀನೀಯರು, ರಿಟೈರಾದ ಹೆಡ್‌ಮಾಸ್ಟರು. ಕೂತ ಕೂಡಲೇ ಪರೀಕ್ಷೆ ಶುರು ಮಾಡಿದ್ರು.

"ಡ್ರಾಯಿಂಗ್ ಎಲ್ಲಿ?"

"ಇಲ್ಲ."

"ಎತ್ತರ ಎಷ್ಟು?"

"ಮರ ಎಷ್ಟಿದೆಯೋ ಅಷ್ಟು."

"ಮುಖ ಯಾರದು?"

"ಇಲ್ಲಿ ಕೂತು ನೋಡಿದ ಮೇಲೆ ಗೊತ್ತಾಗುತ್ತೆ."

ಅಧ್ಯಕ್ಷರ ಪೆನ್ನು ಗಾಳಿಯಲ್ಲೇ ನಿಂತುಬಿಡ್ತು. ನನ್ನ ಸೊಸೆ ಒಂದು ಲೋಟ ನೀರು ಗಟಗಟ ಕುಡಿದ್ಲು.

ಮಾರನೇ ದಿನ ಆ ಮನುಷ್ಯ ಬಂದು ಗೇಟಿನ ಪಕ್ಕದ ಮರದ ಕೆಳಗೆ ಕೂತವರು ಸಾಯಂಕಾಲದ ತನಕ ಏಳಲಿಲ್ಲ. ಮಧ್ಯಾಹ್ನ ಹೋಟೆಲಿಂದ ತಪಾವ್, ಅಂದ್ರೆ ಪೊಟ್ಟಣ, ಕಟ್ಟಿಸಿಕೊಂಡು ಬಂದ ಅನ್ನ ಬಿಚ್ಚಿ ತಿಂದ್ರು, ಅಷ್ಟೇ. ಮನೆಮನೆಯಲ್ಲೂ ಕರ್ಟನ್ ಸರಿಸಿ ನೋಡೋದೇ ಕೆಲಸ. ಹೊರಡೋ ಹೊತ್ತಿಗೆ ಅಧ್ಯಕ್ಷರು ಅಡ್ಡ ಹಾಕಿ, "ಇಡೀ ದಿನ ಏನು ಮಾಡಿದ್ರಿ ಲಾ?" ಅಂದ್ರು. ಇಲ್ಲಿನವರ ಮಾತಿಗೆ ಆ 'ಲಾ' ಒಂದು ಬಾಲ.

"ಇಲ್ಲಿ ನಮ್ಮಜ್ಜನ ದುರಿಯನ್ ಹಣ್ಣಿನ ತೋಟ ಇತ್ತು. ನೋಡ್ತಾ ಇದ್ದೆ."

ಏನು ಮಾಡೋದು ತಿಳೀದೆ ಅಧ್ಯಕ್ಷರು ಗೇಟಿನವನ ಪುಸ್ತಕ ತೆಗೆದು ನೋಡಿದ್ರು. ಬಂದವರು ಯಾರು, ಯಾರನ್ನ ನೋಡೋಕೆ ಅಂತ ಬರೀಬೇಕಲ್ಲ ಅದರಲ್ಲಿ. ಯಾರನ್ನ ನೋಡೋಕೆ ಅನ್ನೋ ಕಡೆ ಗೇಟಿನವನು 'ಮರ' ಅಂತ ಬರೆದಿದ್ದ. ಮನೆ ನಂಬರ್ ಅನ್ನೋ ಕಡೆ 'ಹೊರಗೇ ಇದೆ'.

೨. ಸ್ವಲ್ಪ ನಗಬಹುದಿತ್ತು

ಮೂರು ತಿಂಗಳಿಗೆ ಮೂರ್ತಿ ಬಂತು, ನೀಲಿ ಟಾರ್ಪಾಲು ಸುತ್ತಿಕೊಂಡು, ಲಾರಿಯಲ್ಲಿ. ಅವರ ಹಿರಿಯರಲ್ಲಿ ಯಾರದೋ ಮುಖವಂತೆ. ಟಾರ್ಪಾಲು ಎಳೆದ್ರು ನೋಡಿ, ನೆರೆದ ಜನ ಒಂದು ಹೆಜ್ಜೆ ಹಿಂದೆ! ಗುಡ್ಡೆ ಗುಡ್ಡೆ ಕಣ್ಣು, ಸೊಟ್ಟ ಬಾಯಿ, ಆಳೆತ್ತರ. ಅಧ್ಯಕ್ಷರ ಮನಸ್ಸಲ್ಲಿದ್ದದ್ದು ಮುದ್ದು ಮುಖ, ಸುತ್ತ ಗಿಣಿ, ಹೂವು, ಕಟ್ಟಡದ ಬಣ್ಣಕ್ಕೆ ಹೊಂದೋ ಅಂಥದ್ದೇನೋ. ಸೊಸೆ ನನ್ನ ಕೈ ಹಿಡಿದುಕೊಂಡ್ಲು. ಎಲ್ಲಿ ಬೇಡ ಅಂದುಬಿಡ್ತಾರೋ ಅಂತ.

ಅಧ್ಯಕ್ಷರು ಎರಡು ಸುತ್ತು ಹಾಕಿದ್ರು. ಕೆಮ್ಮಿದ್ರು. "ಮಕ್ಕಳು ಓಡಾಡೋ ಜಾಗ. ಸ್ವಲ್ಪ ನಗೋ ಹಾಗೆ ಮಾಡಬಹುದಿತ್ತಾ?"

ಕೆತ್ತಿದವರು ಮೂರ್ತಿ ನೋಡಿದ್ರು, ಅಧ್ಯಕ್ಷರನ್ನ ನೋಡಿದ್ರು.

"ಇದು ನಗ್ತಾನೇ ಇದೆ. ಸಿಟ್ಟಲ್ಲಿರೋದು ಬೇಕಿದ್ರೆ ಹೇಳಿ, ಮನೆಯಲ್ಲಿದೆ."

"ಮೂರ್ತಿ ಇಳಿಸಿ" ಅಂದ್ರು ಅಧ್ಯಕ್ಷರು.

೩. ನಿರ್ಮಾಲ್ಯ

ಇಳಿಸಿದ ಮೇಲೆ ಮ್ಯಾನೇಜ್‌ಮೆಂಟ್ ಆಫೀಸಿನಿಂದ ಕಾಗದ ಬಂತು. ಎಲ್ಲಾ ಧರ್ಮದವರೂ ಇರೋ ಜಾಗ, ಮೂರ್ತಿಗೆ ಯಾರೂ ಪೂಜೆ ಮಾಡಕೂಡದು, ಮಾಡಿದ್ದು ಕಂಡ್ರೆ ಉದ್ಘಾಟನೆಗೆ ಮುಂಚೆಯೇ ವಾಪಸ್ ಲಾರಿಗೆ. ಕೆತ್ತಿದವರೂ ಖಡಾಖಂಡಿತ: "ಒಂದು ಸಲ ಹೊರಗೆ ಹಾಕಿದ್ರೆ ನಮ್ಮ ಹಿರಿಯರನ್ನ ನಾನು ಮತ್ತೆ ಕರೆತರಲ್ಲ."

ಸೊಸೆ ನನ್ನ ಮುಂದೆ ಬಂದು ಕೂತ್ಲು. "ಅತ್ತೆ, ಕೈ ಮುಗೀತೀನಿ. ಉದ್ಘಾಟನೆ ಆಗೋ ತನಕ ಬಿಲ್ಡಿಂಗಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಬೇಡಿ. ಗಲಾಟೆ ಆದ್ರೆ ನನ್ನ ಮರ್ಯಾದೆ ಹೋಗುತ್ತೆ, ಆ ಮನುಷ್ಯನ ಕೆಲಸಾನೂ ಹೋಗುತ್ತೆ." ಆಣೆ ಮಾಡಿ ಒಪ್ಪಿದೆ. ಮೂರು ದಿನಕ್ಕೇ ಹೊಟ್ಟೆ ಉಬ್ಬರಿಸಿತು.

ನಾನು ಬೆಳಗ್ಗೆ ದೇವರ ಪೂಜೆಗೆ ಬೇಲಿಯ ದಾಸವಾಳ ಕುಯ್ಯೋದು. ಮೂರ್ತಿ ಅಲ್ಲೇ ನಿಂತಿತ್ತು, ಕಿವಿ ಅಗಲವಾಗಿತ್ತು. ಹೇಳಿಕೊಂಡೆ. ಅದು ಬಿಲ್ಡಿಂಗಿನ ಮನುಷ್ಯ ಅಲ್ಲವಲ್ಲ! ಕೈ ಆಡಿಸದೆ ನನಗೆ ಮಾತು ಬರಲ್ಲ, ಅದಕ್ಕೆ ಹೂವನ್ನ ಅದರ ತಲೆ ಮೇಲಿಟ್ಟೆ. ಒಬ್ಬರ ತಲೆ ಮೇಲೆ ಇಟ್ಟ ಹೂವು ಮತ್ತೆ ದೇವರಿಗೆ ಆಗುತ್ತಾ? ನಿರ್ಮಾಲ್ಯ ಆಯ್ತು. ಅಲ್ಲೇ ಬಿಟ್ಟು ಬೇರೆ ಕುಯ್ದುಕೊಂಡು ಬಂದೆ. ಹೀಗೆ ನಾಲ್ಕು ದಿನ.

ಕಟ್ಟಡವೆಲ್ಲ ಗುಲ್ಲೋ ಗುಲ್ಲು. ಪೂಜೆ ನಡೀತಿದೆ, ಯಾರೋ ಹೂ ಏರಿಸ್ತಿದಾರೆ! ನಾನು ಹೆಸರು ಹೇಳಲಿಲ್ಲ, ಆಣೆ ಅಂದ್ರೆ ಆಣೆ. ಬರೀ ಒಂದು ಪ್ರಶ್ನೆ ಕೇಳಿದೆ, ಲಿಫ್ಟಲ್ಲಿ, ಅದೂ ಒಂದೇ ಸಲ, "ಉಡುಪಿ ಕಡೆ ಮರದ ಭೂತಗಳಿಗೆ ಪೂಜೆ ಮಾಡ್ತಾರಂತೆ, ಹೌದಾ?" ನಮ್ಮ ಎದುರು ಮನೆಯಲ್ಲಿರೋದು ಉಡುಪಿಯಮ್ಮ, ಮೆಡಿಕಲ್ ಕಾಲೇಜಿನ ಮೇಷ್ಟರ ತಾಯಿ. ಸಾಯಂಕಾಲದೊಳಗೆ ಎಲ್ಲರೂ ಆಕೆಯನ್ನೇ ನೋಡೋರು. ಆಕೆ ಮಾತ್ರ ಎಲ್ಲರಿಗೂ ಸಾರಿನ ಪುಡಿ ಹಂಚಿಕೊಂಡು ಹಾಯಾಗಿದ್ರು.

೪. ಏನು ಮಂತ್ರ ಆಂಟಿ?

ಭಾನುವಾರ ಕಮ್ಯುನಿಟಿ ಹಾಲಿನಲ್ಲಿ ಮೀಟಿಂಗು. ಹೊರಗೆ ಲಾರಿ ಬಂದು ನಿಂತಿತ್ತು. ಕೆತ್ತಿದವರು ಬಾಗಿಲ ಹತ್ತಿರ ಕೈ ಕಟ್ಟಿ ಕೂತಿದ್ರು, ಮುಖ ಎತ್ತಲಿಲ್ಲ. ಉಡುಪಿಯಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ! ಅಧ್ಯಕ್ಷರು, "ಗೇಟಿನ ಕ್ಯಾಮೆರಾ ನೋಡೋಣ, ಪೂಜೆ ಹೌದಾದ್ರೆ ಮೂರ್ತಿ ಈಗಲೇ ಹೊರಡಲಿ" ಅಂದ್ರು. ಕ್ಯಾಮೆರಾ ಇದೆ ಅಂತ ನನಗೆ ಯಾರು ಹೇಳಿದ್ರು?

ಗೋಡೆ ತುಂಬ ನಾನೇ. ಹೂ ಇಟ್ಟೆ, ತುಟಿ ಅಲ್ಲಾಡಿತು, ಕೈ ಮೇಲೆ ಕೆಳಗೆ ಆಡಿತು. ಹತ್ತು ನಿಮಿಷ. ಧ್ವನಿ ಮಾತ್ರ ಇಲ್ಲ. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ್ಲು.

"ಏನು ಮಂತ್ರ ಆಂಟಿ ಇದು?" ಅಂದ್ರು ಅಧ್ಯಕ್ಷರು.

ನೋಡಿ ನನ್ನ ಗತಿ. ಮಂತ್ರ ಅಂದ್ರೆ ಮೂರ್ತಿ ಲಾರಿಗೆ, ಸೊಸೆ ಮಾನ ಬೀದಿಗೆ. ನಿಜ ಅಂದ್ರೆ ಪಕ್ಕದ ಕುರ್ಚಿಯಲ್ಲೇ ನನ್ನ ಯಮ. ಅಜ್ಜನ ತೋಟ ಕಳಕೊಂಡು ಬಾಗಿಲಲ್ಲಿ ಕೂತವರ ಮುಖ ಒಂದು ಸಲ ನೋಡಿದೆ. ಎದ್ದು ನಿಂತು, ಕನ್ನಡದಲ್ಲೇ ಹೇಳಿಬಿಟ್ಟೆ: "ಮಂತ್ರ ಅಲ್ಲ, ಉಡುಪಿಯಮ್ಮನ ವಿಷಯ. ಮನೆಯಲ್ಲೇ ಕುಟ್ಟಿದ್ದು ಅಂತ ಹಂಚೋ ಸಾರಿನ ಪುಡಿ ತಮಿಳರ ಅಂಗಡಿ ಪ್ಯಾಕೆಟ್ಟಿಂದು. ಹಳೇ ಬಾಟಲಿಗೆ ಸುರಿಯೋದನ್ನ ನಾನೇ ಕಣ್ಣಾರೆ ಕಂಡಿದ್ದೆ. ಹೇಳದೆ ಇರೋಕಾಗಲಿಲ್ಲ."

ಕನ್ನಡದವರೆಲ್ಲ ಮೊದಲು ನಕ್ರು. ಸೊಸೆ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಮಿಕ್ಕವರು. ಅಧ್ಯಕ್ಷರು ಮಾತ್ರ ನಗಲಿಲ್ಲ, ಅವರ ಮನೆಗೂ ಒಂದು ಬಾಟಲಿ ಹೋಗಿತ್ತು. ಕೆತ್ತಿದವರು ಮೊದಲ ಸಲ ತಲೆ ಎತ್ತಿ, "ಇದು ಪೂಜೆ ಅಲ್ಲ. ಬಂದು ಮಾತಾಡಲಿ ಬಿಡಿ, ಒಂಟಿಯಾಗಿ ನಿಲ್ಲೋದು ತಪ್ಪುತ್ತೆ" ಅಂದ್ರು. ಆಫೀಸಿನವರೂ ಹ್ಞೂಂ ಅಂದ್ರು. ಲಾರಿ ಖಾಲಿ ಹೋಯ್ತು. ಸೊಸೆ ಅಳ್ತಾ ಅಳ್ತಾ ನಕ್ಕಳು.

ಮೀಟಿಂಗು ಮುಗಿದ ಮೇಲೆ ಉಡುಪಿಯಮ್ಮ ನನ್ನ ಹಿಂದೆಯೇ ಬಂದ್ರು. ಲಿಫ್ಟಿನಲ್ಲಿ ನಾವಿಬ್ಬರೇ. ನಾನು ನೆಲ ನೋಡ್ತಾ ನಿಂತೆ. ನಮ್ಮ ಮಹಡಿ ಬಂತು, ಬಾಗಿಲು ತೆರೀತು. ಆಕೆ ಹೊರಗೆ ಕಾಲಿಟ್ಟು, ತಿರುಗಿ ನನ್ನ ಮುಖಕ್ಕೇ ಹೇಳಿದ್ರು:

"ಎಂತ ಹೆದರುದು ಮಾರಾಯ್ರೆ? ನಾನು ಅದರ ಹತ್ತಿರ ಸಂಜೆ ಹೊತ್ತು ಮಾತಾಡುದು. ನಿಮ್ಮ ಬಗ್ಗೆ ಎಲ್ಲ ಮೊದಲೇ ಹೇಳಿ ಆಗಿದೆ. ನೀವು ಹೇಳಿದ್ದು ಒಂದನ್ನೂ ಅದು ನಂಬುದಿಲ್ಲ."