ಏಳುಮಲೈ ಕೊಟ್ಟ ರಕ್ತ

ಏಳುಮಲೈ ಬೆಳಗ್ಗೆ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದದ್ದೇ ತಪ್ಪಾಯಿತು. ಎದುರಿಗೇ ಸರ್ಕಾರಿ ಆಸ್ಪತ್ರೆಯ ನರ್ಸ್ ಪೂಂಗೊಡಿ ನಿಂತಿದ್ದಳು.

"ಅಣ್ಣಾ, ಇವತ್ತಿಂದ ನಿಮ್ಮ ಬೀದಿ ಸರದಿ. ಮೂವತ್ತು ದಾಟಿದೋರೆಲ್ಲ ಖಾಲಿ ಹೊಟ್ಟೇಲಿ ಬಂದು ಪರೀಕ್ಷೆಗೆ ರಕ್ತ ಕೊಡಬೇಕು. ದುಡ್ಡು ಕೊಡೋದೇನಿಲ್ಲ."

ಕಾಸಿಮೇಡು ಬಂದರಿನಲ್ಲಿ ಮೀನು ಹರಾಜು ಕೂಗುವ ಏಳುಮಲೈ ಗಂಟಲು ತೆಗೆದರೆ ದೋಣಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಆದರೆ ಸೂಜಿ ಎಂದರೆ ಆ ಗಂಟಲು ಬೆಕ್ಕಿನ ಮರಿಯದಾಗುತ್ತಿತ್ತು.

"ನಾನು ಆಗ್ಲೇ ಟೀ ಕುಡಿದ್ಬಿಟ್ಟೆನಲ್ಲಮ್ಮಾ..."

"ಬಾಯಲ್ಲಿ ಪೇಸ್ಟಿನ ನೊರೆ ಇಟ್ಕೊಂಡು ಯಾವ ಟೀ ಕುಡಿದ್ಯೋ?" ಪಕ್ಕದ ಮನೆಯ ಲೂರ್ದು ಅಕ್ಕ ಕಿಟಕಿಯಿಂದಲೇ ಕೇಳಿದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಸೀನಿದರೂ ಅವಳಿಗೆ ಗೊತ್ತಾಗುತ್ತಿತ್ತು. "ಕನ್ನಿಯಮ್ಮಾ, ನಿನ್ ಗಂಡನ್ನ ಹಿಡ್ಕೋ! ನಾನು ಆಟೋ ಕರೀತೀನಿ."

ಹೆಂಡತಿ ಕನ್ನಿಯಮ್ಮ ತಲೆನೋವಿಗೆಂದು ಹಣೆಗೆ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಆಟೋದಲ್ಲಿ ಅವಳ ಮತ್ತು ಲೂರ್ದು ಅಕ್ಕನ ನಡುವೆ ಏಳುಮಲೈ ಐಸ್ ಪೆಟ್ಟಿಗೆಯೊಳಗಿನ ಮೀನಿನಂತೆ ಕೂತ.

ಆಸ್ಪತ್ರೆಯಲ್ಲಿ ಅವರ ಕಣ್ಣು ತಪ್ಪಿಸಿ ಪಕ್ಕದ ಸಾಲಿಗೆ ನುಸುಳಿದ. ಅಲ್ಲಿ ಯಾರೂ ರಕ್ತ ತೆಗೆಯುತ್ತಿರಲಿಲ್ಲ. ನೆಮ್ಮದಿಯಾಗಿ ಮುಂದೆ ಹೋದ.

"ಎಲ್ಲಿ ಕಚ್ಚಿದ್ದು?" ಕೌಂಟರಿನವನು ಕೇಳಿದ.

"ಏನು ಕಚ್ಚೋದು?"

"ನಾಯಿ ಕಣಯ್ಯ! ಇದು ನಾಯಿ ಕಡಿತದ ಸಾಲು. ಐದು ಇಂಜೆಕ್ಷನ್."

ಏಳುಮಲೈ ಹಿಂದಿರುಗಿ ಓಡಿದ ರಭಸಕ್ಕೆ ನೇರ ಹೋಗಿ ಪೂಂಗೊಡಿಯ ಮುಂದಿನ ಕುರ್ಚಿಯಲ್ಲೇ ಬಿದ್ದ. ಅವಳು ತಡಮಾಡದೆ ತೋಳಿಗೆ ಪಟ್ಟಿ ಕಟ್ಟಿದಳು. ಸೂಜಿ ಹತ್ತಿರ ಬಂದಾಗ ಅವನು ಕಣ್ಣು ಮುಚ್ಚಿ, ಬೇರೇನೂ ತೋಚದೆ, ಹರಾಜಿನ ಗಂಟಲಲ್ಲಿ ಅರಚಿದ: "ಅಂಜಲ್ ಮೀನು ಬಂತೂ... ಅಂಜಲ್!"

ಸಾಲಿನ ಹಿಂದಿದ್ದ ಯಾರೋ ಹೆಂಗಸರಿಬ್ಬರು ಬೆಲೆ ಕೇಳಿದರು.

ಮಧ್ಯಾಹ್ನ ಫಲಿತಾಂಶ ಬಂತು. ಸಕ್ಕರೆ ಇಲ್ಲ, ಬಿಪಿ ಇಲ್ಲ. ಏಳುಮಲೈ ಮೀಸೆ ತಿರುವಿದ. "ನೋಡಿದ್ಯೇನೇ? ಕಬ್ಬಿಣ ಕಣೇ, ಕಬ್ಬಿಣ!"

"ಬಂದದ್ದು ಬಂದ್ರಿ, ನೀವೂ ಕೂತ್ಕೊಳಿ ಅಕ್ಕಾ," ಎಂದಳು ಪೂಂಗೊಡಿ.

"ನಂಗೇನಾಗಿದೆ? ನಾನು ಇವ್ರನ್ನ ಹಿಡ್ಕೊಂಡು ಬಂದೋಳು," ಎನ್ನುತ್ತಲೇ ಕನ್ನಿಯಮ್ಮ ಕೂತಳು. ಪೂಂಗೊಡಿ ತೋಳಿಗೆ ಬಿಪಿ ಪಟ್ಟಿ ಸುತ್ತಿ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಡಾಕ್ಟರಮ್ಮನನ್ನು ಕರೆದಳು. ಏಳುಮಲೈಯ ಕೈ ಮೀಸೆಯಿಂದ ಇಳಿಯಿತು.

"ಬಿಪಿ ಬಹಳ ಏರಿದೆ. ಹೀಗೇ ಬಿಟ್ಟಿದ್ರೆ ಒಂದಿನ ನಿಂತಲ್ಲೇ ಬಿದ್ದುಬಿಡ್ತಿದ್ರು," ಎಂದರು ಡಾಕ್ಟರಮ್ಮ. "ಈಗ ಸಿಕ್ಕಿಬಿತ್ತಲ್ಲ, ಹೆದರಬೇಡಿ. ಮಾತ್ರೆ ತಿಂಗಳು ತಿಂಗಳೂ ಇಲ್ಲೇ ಕೊಡ್ತೀವಿ."

ಏಳುಮಲೈ ಹೆಂಡತಿಯ ಕೈ ಹಿಡಿದುಕೊಂಡ. ಆಟೋ ಹತ್ತುವವರೆಗೂ ಬಿಡಲಿಲ್ಲ.

ಅವರು ಬೀದಿಗೆ ಬರುವಷ್ಟರಲ್ಲಿ, ಮೊದಲೇ ಬಂದು ಸೇರಿದ್ದ ಲೂರ್ದು ಅಕ್ಕ ಕತೆಯನ್ನೇ ತಿರುಗಿಸಿದ್ದಳು: "ಆಸ್ಪತ್ರೆಗೆ ಕರ್ಕೊಂಡ್ಹೋಗಿ ಹೆಂಡ್ತಿ ಜೀವ ಉಳಿಸಿದ ಗಂಡಸು ಕಣ್ರೇ!" ಯಾರೋ ಹೆಗಲಿಗೆ ಟವೆಲ್ ಹೊದಿಸಿದರು. ಹುಡುಗರು ಶಿಳ್ಳೆ ಹೊಡೆದರು. ಮರುದಿನ ಇಡೀ ಬೀದಿಯೇ ಆಸ್ಪತ್ರೆಗೆ ಹೊರಡುವುದೆಂದು ತೀರ್ಮಾನವಾಯಿತು. ಏಳುಮಲೈ ಗೆದ್ದ ಪೈಲ್ವಾನನಂತೆ ಊಟಕ್ಕೆ ಕೂತು ಮೀನು ಸಾರಿನ ಮೊದಲ ತುತ್ತು ಬಾಯಿಗಿಟ್ಟ.

"ಉಪ್ಪೆಲ್ಲೇ?"

"ಡಾಕ್ಟರಮ್ಮ ಬೇಡ ಅಂದ್ರಲ್ಲ."

"ಅದು ನಿಂಗೆ!"

"ಎರಡೆರಡು ಸಾರು ಮಾಡೋಕೆ ಇದೇನು ಹೋಟ್ಲಾ?"

ಅವನು ಮೆಲ್ಲಗೆ ಹಿಂಬಾಗಿಲಿನಿಂದ ಹೋಗಿ ಪಕ್ಕದ ಮನೆಯ ಕಿಟಕಿ ತಟ್ಟಿದ. "ಅಕ್ಕಾ, ಒಂದು ಚಿಟಿಕೆ ಉಪ್ಪು..."

"ಅಯ್ಯೋ, ಕೇಳಿದ್ರೇನ್ರೇ!" ಲೂರ್ದು ಅಕ್ಕನ ದನಿ ಬಂದರಿನವರೆಗೂ ಹೋಯಿತು. "ಹೆಂಡ್ತಿ ಜೀವ ಉಳಿಸಿದೋನು ಕದ್ದು ಉಪ್ಪು ಕೇಳ್ತಿದಾನೆ!"

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಏಳುಮಲೈ ಟವೆಲನ್ನು ತಲೆಗೆ ಮುಸುಕು ಹಾಕಿಕೊಂಡು ಒಳಗೆ ಬಂದು, ತಟ್ಟೆಯ ಮುಂದೆ ಕೂತು, ಎರಡನೇ ತುತ್ತು ನುಂಗಿದ.